ಭಾಷಣಗಾರ್ತಿಯ ಮನೆಯಲ್ಲಿ ಬಾಡಿಗೆಗೆ

ಬಾಡಿಗೆಗೆ ಕೋಣೆ ಕೇಳಲು ಹೋದ ನನ್ನನ್ನು ಆ ಮುದುಕಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದ ಮೊದಲ ಪ್ರಶ್ನೆ: "ನಿನ್ನದು ಯಾವ ಯೂನಿಯನ್?"

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮುಳಬಾಗಿಲು ಕಡೆಯವಳು. ಕುರುಡುಮಲೆ ದಾರಿಯಲ್ಲಿ ಸಿಗುವ ಹಳ್ಳಿ ನಮ್ಮದು. ನರ್ಸ್ ಕೆಲಸಕ್ಕೆಂದು ನ್ಯೂಯಾರ್ಕಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಹಿಂದೆ ಕೋಲಾರದಲ್ಲಿ ಕೋಣೆ ಹುಡುಕುವಾಗ ಎಲ್ಲರೂ ಮೊದಲು ಕೇಳುತ್ತಿದ್ದದ್ದು "ನೀವೇನ್ ಜನ?" ಎಂದು. ಅದಕ್ಕೆ ಉತ್ತರ ಬಾಯಲ್ಲೇ ಇರುತ್ತಿತ್ತು. ಯೂನಿಯನ್ನಿಗೆ ಏನು ಹೇಳುವುದು? "ಇನ್ನೂ ಸೇರಿಲ್ಲ" ಎಂದೆ.

"ಸೇರುವಿಯಂತೆ. ಒಳಗೆ ಬಾ, ಸೂಪು ಆರುತ್ತಿದೆ."

ಆಕೆಯ ಹೆಸರು ಗಿಟ್ಲ್. ಪೋಲೆಂಡಿನ ಸಣ್ಣ ಊರೊಂದರಿಂದ ಚಿಕ್ಕ ವಯಸ್ಸಿನಲ್ಲಿ ಬಂದ ಯಹೂದಿ ಹೆಂಗಸು. ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಅವರಿದ್ದ ಕಟ್ಟಡವನ್ನು ಹೊಲಿಗೆ ಕೆಲಸದವರೇ ಸೇರಿ ಕಟ್ಟಿಸಿಕೊಂಡಿದ್ದರಂತೆ. ನೆಲಮಾಳಿಗೆಯಲ್ಲಿ ದೊಡ್ಡದೊಂದು ಪುಸ್ತಕ ಭಂಡಾರ. ಪುಸ್ತಕಗಳೆಲ್ಲ ಯಿಡ್ಡಿಷ್ ಭಾಷೆಯವು. ಮುಳಬಾಗಿಲಿನ ಉರ್ದು ಬೋರ್ಡುಗಳ ಹಾಗೆ ಬಲದಿಂದ ಎಡಕ್ಕೆ ಬರೆಯುತ್ತಾರೆ. ಮಾತೃಭಾಷೆಗೆ ಅವರಲ್ಲಿ 'ಮಾಮೆ ಲೋಶ್ನ್' ಎನ್ನುತ್ತಾರೆ, ಅಮ್ಮನ ಮಾತು ಎಂದರ್ಥ. ನನ್ನ ಅಮ್ಮನ ಮಾತು ತೆಲುಗು, ನಾನು ಓದಿ ಬರೆಯುವುದು ಕನ್ನಡ ಎಂದಾಗ ಜೊತೆಯ ನರ್ಸುಗಳಿಗೆ ಅದು ವಿಚಿತ್ರವಾಗಿ ಕಂಡಿತ್ತು. ಗಿಟ್ಲ್‌ಗೆ ಕಾಣಲಿಲ್ಲ. "ಮನೆಗೊಂದು, ಬೀದಿಗೊಂದು. ಸರಿಯಾಗೇ ಇದೆ" ಎಂದರು.

ರಾಗಿ ಎಲ್ಲೂ ಸಿಗುತ್ತಿರಲಿಲ್ಲ. ಅವರು ಗಂಜಿ ಕಾಯಿಸುತ್ತಿದ್ದ ಕಾಶಾ ಎಂಬ ಕಂದು ಧಾನ್ಯವನ್ನು ಹಿಟ್ಟು ಮಾಡಿ ಮುದ್ದೆ ತಿರುವಿದೆ. ಸ್ವಲ್ಪ ಅಂಟಾಯಿತು, ಆದರೂ ಮುದ್ದೆಯೇ. ಅವರ ಬೀಟ್‌ರೂಟ್ ಸೂಪಿನಲ್ಲಿ ಅದ್ದಿಕೊಂಡು ಇಬ್ಬರೂ ಉಂಡೆವು.

ಆಸ್ಪತ್ರೆಯಲ್ಲಿ ಮಾತ್ರ ಕಷ್ಟವಾಯಿತು. ಪಾಳಿ ಬದಲಾಗುವಾಗ ರೋಗಿಗಳ ಸ್ಥಿತಿಯನ್ನು ಎಲ್ಲರೆದುರು ಹೇಳಬೇಕು. ಊರಿನಲ್ಲಿ ಹೆಣ್ಣುಮಕ್ಕಳ ದನಿ ಹೊಸ್ತಿಲು ದಾಟಿದರೆ ಬೈಗುಳ. ಆಸ್ಪತ್ರೆಯಲ್ಲಿ ದನಿ ಏಳದಿದ್ದರೆ ಕೆಲಸವೇ ಇಲ್ಲ. "ನೀನು ಹೇಳಿದ್ದು ಯಾರಿಗೂ ಕೇಳುವುದಿಲ್ಲ. ಹೀಗಾದರೆ ನಿನ್ನನ್ನು ಖಾಯಂ ಮಾಡಲಾಗದು" ಎಂದರು ಹಿರಿಯ ನರ್ಸ್.

ಅಳುತ್ತಾ ಬಂದ ನನ್ನನ್ನು ಗಿಟ್ಲ್ ಮುಂಬಾಗಿಲ ಹತ್ತಿರ ನಿಲ್ಲಿಸಿದರು. ತಾವು ಅಡುಗೆಮನೆಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ಪಾತ್ರೆ ತೊಳೆಯತೊಡಗಿದರು. "ಹೇಳು, ನಿನ್ನ ರೋಗಿಗಳು ಹೇಗಿದ್ದಾರೆ?" ನಾನು ಹೇಳಿದೆ. "ಹೆಖೆರ್" ಎಂದರು. ಇನ್ನೂ ಗಟ್ಟಿಯಾಗಿ ಎಂದರ್ಥ. ವಾರಗಟ್ಟಲೆ ಅದೇ ಪದ. ಕೊನೆಗೆ ಪಕ್ಕದ ಮನೆಯವರು ಬಾಗಿಲು ತಟ್ಟಿ, ಎರಡನೇ ಹಾಸಿಗೆಯವನಿಗೆ ಜ್ವರ ಇಳಿಯಿತೇ ಎಂದು ವಿಚಾರಿಸಿದರು. ಆ ತಿಂಗಳೇ ನನ್ನ ಕೆಲಸ ಖಾಯಂ ಆಯಿತು. ಯೂನಿಯನ್ನಿಗೂ ಸೇರಿದೆ.

ಈ ವಿದ್ಯೆ ಎಲ್ಲಿಯದು ಎಂದು ಕೇಳಿದಾಗ ಅವರು ತಮ್ಮ ಯುದ್ಧಕಾಲದ ಕಥೆ ಹೇಳಿದರು. ಎಡಪಂಥದ ಯಹೂದಿ ಕಾರ್ಮಿಕರ ಸಂಘವೊಂದು ಅವರನ್ನು ಅಮೆರಿಕದ ಊರೂರಿಗೆ ಭಾಷಣಕ್ಕೆ ಕಳಿಸುತ್ತಿತ್ತು. ಸೈನಿಕರು ತುಂಬಿದ ರೈಲುಗಳಲ್ಲಿ ತಮ್ಮ ಪೆಟ್ಟಿಗೆಯ ಮೇಲೇ ಕೂತು ಪಯಣ. ಒಂದೂರಿನಲ್ಲಿ ದೊಡ್ಡ ಸಭಾಂಗಣ, ಇನ್ನೊಂದರಲ್ಲಿ ದರ್ಜಿ ಅಂಗಡಿಯ ಹಿಂದಿನ ಕೋಣೆ. ಹಿಟ್ಲರ್ ಸೋಲುತ್ತಾನೆ, ನಮ್ಮ ಭಾಷೆ ಉಳಿಯುತ್ತದೆ ಎಂದು ಯಿಡ್ಡಿಷ್‌ನಲ್ಲಿ ಹೇಳುತ್ತಿದ್ದರು. ಭಾಷಣ ಮುಗಿದೊಡನೆ ಜನ ಯುರೋಪಿನಲ್ಲಿ ಉಳಿದ ತಮ್ಮವರ ಫೋಟೋ ಹಿಡಿದು ಬರುತ್ತಿದ್ದರಂತೆ. ನನ್ನ ಅಕ್ಕ, ನನ್ನ ತಂದೆ, ಏನಾದರೂ ತಿಳಿಯಿತೇ?

"ನನಗೇನೂ ತಿಳಿದಿರಲಿಲ್ಲ. ಅದಕ್ಕೆ ಹೆಸರು ಕೇಳಿಕೊಂಡು ಮತ್ತೆ ವೇದಿಕೆ ಹತ್ತಿ, ಎಲ್ಲರ ಹೆಸರನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಕೊನೆಗೆ ನನ್ನ ತಂಗಿಯದು."

ಪೋಲೆಂಡಿನಲ್ಲೇ ಉಳಿದಿದ್ದ ಆ ತಂಗಿ ಬರಲಿಲ್ಲ. ಯುದ್ಧ ಮುಗಿದ ಕೆಲವು ವರ್ಷಗಳಿಗೆ, ತಾವು ಭಾಷಣಗಳಲ್ಲಿ ಅಷ್ಟೊಂದು ಹೊಗಳಿದ್ದ ಸೋವಿಯತ್ ದೇಶದಲ್ಲೇ ಯಿಡ್ಡಿಷ್ ಲೇಖಕರನ್ನು ಕೊಂದಿದ್ದರೆಂಬ ಸುದ್ದಿ ಬಂತು. ಸಂಘದ ಅರ್ಧ ಜನ ಉಳಿದರ್ಧದೊಡನೆ ಮಾತು ಬಿಟ್ಟರು. ಗಿಟ್ಲ್ ಮತ್ತೆ ಹೊಲಿಗೆ ಮಿಷನ್ನಿಗೆ ಮರಳಿದರು, ವೇದಿಕೆ ಹತ್ತಲಿಲ್ಲ.

ಎಂಬತ್ತರ ದಶಕದಲ್ಲಿ ನನ್ನ ತಮ್ಮನ ಮದುವೆಗೆ ನಾನು ಊರಿಗೆ ಹೊರಟಾಗ ಅವರೂ ಬಂದರು. ಶ್ರೀನಿವಾಸಪುರದ ಮಾವು ತಿಂದು ಮುಂಗೈವರೆಗೂ ರಸ ಇಳಿಸಿಕೊಂಡರು. ಮದುವೆಯ ಮರುದಿನ, ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ ಬಂದ ಹೆಂಗಸರು ನಮ್ಮ ಜಗಲಿಯ ಮೇಲೆ ಸೇರಿದ್ದರು. ಪಕ್ಕದ ಮನೆಯ ಮುನಿಯಮ್ಮಜ್ಜಿ, "ಸರೋಜಾ, ಈಯಮ್ಮ ಭಾಷಣ ಮಾಡ್ತಿದ್ರಂತಲ್ಲ, ನಮ್ಗೂ ಒಂದೆರಡು ಮಾತು ಹೇಳಕ್ಕೆ ಹೇಳೇ" ಎಂದಳು.

ನಾನು ಅದನ್ನು ಗಿಟ್ಲ್‌ಗೆ ತಿಳಿಸಿದೆ. ಅವರು ನಾವು ಉಡಿಸಿದ್ದ ಸೀರೆಯಲ್ಲಿ ಎಡವದಂತೆ ನೆರಿಗೆ ಹಿಡಿದು ಎದ್ದರು. ಮಾತಾಡಿದ್ದು ಇಂಗ್ಲಿಷಿನಲ್ಲಲ್ಲ, ಯಿಡ್ಡಿಷ್‌ನಲ್ಲಿ. ಆ ಹೊತ್ತಿಗೆ ನನಗೂ ಅದು ಸಾಕಷ್ಟು ಬರುತ್ತಿತ್ತು. ನಾನು ಕನ್ನಡಕ್ಕೆ ತರುತ್ತಿದ್ದೆ, ಅಮ್ಮ ಅದನ್ನು ಕನ್ನಡ ಬಾರದ ನಮ್ಮಜ್ಜಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು. ರೈಲು, ಫೋಟೋಗಳು, ಹೆಸರುಗಳು.

"ಆ ತಂಗಿ ಹೆಸರೇನಂತೆ?" ಮುನಿಯಮ್ಮಜ್ಜಿ ಕೇಳಿದಳು.

"ಖಾಯೆ" ಎಂದರು ಗಿಟ್ಲ್.

"ಕಾಯಮ್ಮ" ಎಂದಳು ಮುನಿಯಮ್ಮಜ್ಜಿ, ಮೆಲ್ಲಗೆ. ಉಳಿದವರೂ ಒಬ್ಬೊಬ್ಬರಾಗಿ ಆ ಹೆಸರು ಹೇಳಿದರು. ಗಿಟ್ಲ್ ಕಣ್ಣೊರೆಸಿಕೊಳ್ಳಲಿಲ್ಲ, ಮಾತು ನಿಲ್ಲಿಸಲೂ ಇಲ್ಲ. ಅವರ ಬೆನ್ನು ನೆಟ್ಟಗಾಗಿತ್ತು, ದನಿ ಬೀದಿಯ ಆಚೆಗೂ ಕೇಳುತ್ತಿತ್ತು.

ನ್ಯೂಯಾರ್ಕಿನ ಕಟ್ಟಡದ ಕಥೆಗೆ ಬಂದರು. ಅಲ್ಲಿ ಯಾರ ಮನೆಯಲ್ಲಿ ಕಾಯಿಲೆಯಾದರೂ ಅಕ್ಕಪಕ್ಕದವರು ಸೂಪು ತಂದುಕೊಡುತ್ತಾರೆ ಎಂದರು. "ನಮ್ಮೂರಲ್ಲಿ ಯಾರಿಗಾದ್ರೂ ಮೈ ಸರಿಯಿಲ್ದಿದ್ರೆ" ಎಂದು ನಾನು ಅದನ್ನು ಕನ್ನಡಕ್ಕೆ ತರಲು ಶುರು ಮಾಡಿದೆ.

ಅಮ್ಮ ತಡೆದಳು. "ನಮ್ಮೂರು ಅಂದ್ರೆ ಯಾವ್ದೇ? ಅದಾ, ಇದಾ? ನಾನೇನಂತ ಹೇಳ್ಲಿ ಅಜ್ಜಿಗೆ?"

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಗಿಟ್ಲ್ ಆಗಲೇ ಮುಂದಿನ ಮಾತಿಗೆ ಹೋಗಿದ್ದರು, ಕಾಯುವಂತಿರಲಿಲ್ಲ.

"ರೆಂಡೂ ಅಮ್ಮಾ" ಎಂದೆ, ಎರಡೂ ಎಂದು ತೆಲುಗಿನಲ್ಲಿ, ಮತ್ತು ಮುಂದಿನ ವಾಕ್ಯವನ್ನು ಕನ್ನಡದಲ್ಲಿ ಹೇಳತೊಡಗಿದೆ.