ಎತ್ತಿನ ಮೈಮೇಲಿನ ಉಂಗುರಗಳು

ಎತ್ತುಗಳ ಹಬ್ಬ ಪೋಳ ಬಂತೆಂದರೆ ನಮ್ಮೂರು ಕೊಹಿನೂರಿನಲ್ಲಿ ಅವುಗಳ ಮೈತುಂಬ ಬಣ್ಣದ ಉಂಗುರ ಒತ್ತುತ್ತಾರೆ. ದೊಡ್ಡ ಸಲಕರಣೆ ಏನಿಲ್ಲ. ಚಹಾದ ಲೋಟವನ್ನು ಬಣ್ಣದಲ್ಲಿ ಅದ್ದಿ ಬೋರಲಾಗಿ ಒತ್ತಿದರಾಯಿತು. ಹುಮನಾಬಾದಿನ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನಾನು, ಆ ಉಂಗುರಗಳನ್ನೇ ಕ್ಯಾನ್ವಾಸಿಗೆ ತಂದು ಆಧುನಿಕ ಚಿತ್ರ ಮಾಡುತ್ತೇನೆಂದು ಹಟ ಹಿಡಿದಿದ್ದೆ. ಬಸವಕಲ್ಯಾಣದಲ್ಲಿ ನಡೆಯಲಿದ್ದ ಪ್ರದರ್ಶನ ಬರೀ ನೆಪ. ನಿಜವಾದ ಕಾರಣ ನನ್ನ ಅಣ್ಣ. ಟ್ರ್ಯಾಕ್ಟರ್ ಬಂದಮೇಲೆ ಉಳಿದಿದ್ದ ಒಂದೇ ಬಿಳಿ ಎತ್ತನ್ನೂ ಮಾರಿದ ಅವನು, ಅದರ ಸುದ್ದಿ ಯಾರಾದರೂ ತೆಗೆದರೆ ಎದ್ದು ಹೋಗುತ್ತಿದ್ದ. ಚಿತ್ರ ನೋಡಿಯಾದರೂ ನಾಲ್ಕು ಮಾತಾಡಲಿ ಎಂಬುದು ನನ್ನ ಆಸೆ.

ಚಿತ್ರವೋ, ಏಳಲೇ ಇಲ್ಲ. ಬಿಗಿಯಾಗಿ ಚೌಕಟ್ಟಿಗೆ ಹೊಡೆದ ಬಟ್ಟೆಯ ಮೇಲೆ ಉಂಗುರಗಳು ಕಚೇರಿಯ ಮೊಹರಿನ ಹಾಗೆ ದುಂಡಗೆ ಕೂತವು. ಥೂ! ಒಂದು ಭಾನುವಾರ ಅದನ್ನು ಬಸ್ಸಿಗೆ ಹೇರಿಕೊಂಡು ಊರಿಗೆ ಹೊರಟೆ. ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿಯುವ ಹಂಚಿಕೆಯಲ್ಲಿದ್ದ.

ಅಂಗಳದಲ್ಲಿ ಇಟ್ಟ ಚಿತ್ರ ನೋಡಿ ಅತ್ತಿಗೆ, "ಇದೇನವ್ವಾ, ಬಳಿ ಅಂಗಡಿ ತಗದಿಯೇನು?" ಎಂದು ನಕ್ಕಳು.

ಅಣ್ಣ ಮಾತ್ರ ನಗಲಿಲ್ಲ. ಬಗ್ಗಿ ನೋಡಿದ. "ಎತ್ತು ಹಿಂಗ ಸುಮ್ಮ ನಿಂದರ್ತದೇನು? ಲೋಟ ತಾಕಿದ ಕೂಡ್ಲೇ ಮೈ ಅಳ್ಳಾಡಸ್ತದ."

ಹೌದಲ್ಲ! ಚರ್ಮ ಝಲ್ಲನೆ ನಡುಗಿ ಪ್ರತಿ ಉಂಗುರವೂ ಎಲ್ಲೋ ಒಂದು ಕಡೆ ಒಡೆದಿರುತ್ತಿತ್ತು. ನಾನು ಕುಣಿಯುವುದೊಂದೇ ಬಾಕಿ. ಚೀಲದಲ್ಲಿ ಬಣ್ಣದ ಜೊತೆ ತಂದಿದ್ದ ಹೊಸ ಬಟ್ಟೆಯ ಒಂದು ಅಂಚನ್ನು ಬೇವಿನ ಮರಕ್ಕೆ ಕಟ್ಟಿ, ಇನ್ನೊಂದನ್ನು ಅಣ್ಣನ ಕೈಗೆ ಕೊಟ್ಟೆ.

"ನಾ ಒತ್ತತೀನಿ, ನೀ ಅಳ್ಳಾಡಸು."

"ನನಗ ಎತ್ತು ಮಾಡಾಕತ್ತಿಯೇನು?" ಎಂದು ಗೊಣಗಿದ. ಆದರೂ ಹಿಡಿದ.

ಮೊದಲ ಉಂಗುರ ಒಡೆಯಿತು, ಎರಡನೆಯದು ಜಾರಿತು. ನಗು ತಡೆಯಲಾರದೆ ಅತ್ತಿಗೆ ಕಟ್ಟೆಯ ಮೇಲೆ ಕೂತೇಬಿಟ್ಟಳು. ಅಣ್ಣನಿಗೂ ಉಮೇದು ಬಂತು. ಹೆಗಲು, ಬೆನ್ನು, ಪಕ್ಕೆ ಎಂದು ತಾನೇ ಜಾಗ ತೋರಿಸತೊಡಗಿದ. "ಹೊಟ್ಟಿ ಮ್ಯಾಗ ಹಗೂರಕ ಒತ್ತು. ಅಲ್ಲೆ ಅದಕ್ಕ ಕಚಗುಳಿ ಭಾಳ." ಎಷ್ಟೋ ತಿಂಗಳ ಮೇಲೆ ಆ ಬಿಳಿ ಎತ್ತಿನ ಮಾತು ಅವನ ಬಾಯಿಂದ ಬಂದಿತ್ತು. ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂದು ನಾನು ಉಸಿರೆತ್ತದೆ ಒತ್ತುತ್ತ ಹೋದೆ.

ಆಗ ಗಾಳಿ ಬೀಸಿತು. ಬಟ್ಟೆ ಬಡಬಡಿಸುತ್ತ ಅವನ ಕೈಯಿಂದ ಕಿತ್ತುಕೊಂಡು ಹೊರಟಿತು. ಅಣ್ಣ ಅದನ್ನು ಎಳೆದು ಎದೆಗೆ ಅವಚಿಕೊಂಡ. ಹಸಿ ಬಣ್ಣವೆಲ್ಲ ಅಂಗಿಗೆ ಹತ್ತಿತು. ಅತ್ತಿಗೆಯ ನಗು ನಿಂತಿತು, ನಾನು ಲೋಟ ಕೆಳಗಿಟ್ಟೆ. ಅವನಿಗೆ ನಾವಿಬ್ಬರೂ ಕಾಣುತ್ತಿರಲಿಲ್ಲ. ಬಟ್ಟೆಯನ್ನು ಮೆಲ್ಲಗೆ ಸವರುತ್ತ ಹೇಳುತ್ತಿದ್ದ:

"ಹೋ... ಹೋ... ನಿಲ್ಲಪಾ. ಎಲ್ಲೀಗೂ ಕಳಸಂಗಿಲ್ಲ ನಿನಗ."