ತೆಳುಗೋಡೆ

ನನ್ನ ತಮ್ಮ ಗಾರೆ ಮೇಸ್ತ್ರಿ. ಊರಿಗೆಲ್ಲ ಗಟ್ಟಿ ಗೋಡೆ ಕಟ್ಟಿಕೊಟ್ಟ ಮಹಾರಾಯ, ತನ್ನ ಅಡುಗೆಮನೆಗೂ ನಡುಮನೆಗೂ ನಡುವೆ ಮಾತ್ರ ತೆಳ್ಳಗೊಂದು ಗೋಡೆ ಎಬ್ಬಿಸಿದ್ದ. "ಇದೇನೋ ಇದು, ಆ ಕಡೆ ಸೀನಿದ್ರೆ ಈ ಕಡೆ ಕೇಳಿಸುತ್ತೆ" ಎಂದು ಬೈದಿದ್ದೆ. ಅವನ ಹೆಂಡತಿಗೆ ಅದೇ ಅನುಕೂಲವಾಯಿತು.

ಮಗಳು ಗುಬ್ಬಿ ನಡುಮನೆಯಲ್ಲಿ ಹೋಂವರ್ಕ್‌ಗೆ ಕೂರುವಳು. ತಾಯಿ ಒಳಗೆ ತರಕಾರಿ ಹೆಚ್ಚುತ್ತಲೇ ಗೋಡೆಗೆ ಎರಡು ಸಲ ತಟ್ಟುವಳು: ಬರೀತಿದ್ದೀಯಾ? ಗುಬ್ಬಿ ಪೆನ್ಸಿಲಿನಿಂದ ಒಂದು ಸಲ ತಟ್ಟಿದರೆ, ಹೂಂ ಎಂದರ್ಥ. ಉತ್ತರ ಬರದಿದ್ದರೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತು, "ಎಲ್ಲಿ ಸಿಕ್ಕಿಹಾಕ್ಕೊಂಡೆ?" ಎನ್ನುವಳು. ಬೈಗುಳವಿಲ್ಲ, ಏಟಿಲ್ಲ. ನನ್ನ ಮಕ್ಕಳಿಗೆ ನಾನು ಹಾಕಿದ ಕೂಗಿಗೆ ಇಡೀ ಬೀದಿಗೆ ಮಗ್ಗಿ ಬಾಯಿಪಾಠವಾಗಿತ್ತು, ಅವರಿಗೆ ಮಾತ್ರ ಬರಲಿಲ್ಲ!

ಅಂಥ ತಾಯಿ ಜ್ವರದಲ್ಲಿ ಹೋಗಿಬಿಟ್ಟಳು. ಆ ಒಲೆ ಆರಿತು. ಊಟ ಪಕ್ಕದ ನನ್ನ ಮನೆಯಿಂದ ಹೋಗತೊಡಗಿತು. ಗುಬ್ಬಿ ಪುಸ್ತಕ ತೆರೆದಿಟ್ಟು ಸುಮ್ಮನೆ ಗೋಡೆ ನೋಡುತ್ತ ಕೂರುವಳು. ಟೀಚರು ತಮ್ಮನನ್ನು ಕರೆಸಿ, ಹೀಗೇ ಆದರೆ ಅದೇ ಕ್ಲಾಸಿನಲ್ಲಿ ಉಳಿಸಬೇಕಾಗುತ್ತದೆ ಎಂದರು. ಅವನು ನನ್ನೆದುರು ಕೂತು ಅತ್ತ. "ಅಕ್ಕಾ, ಮಗಳು ಓದ್ಬೇಕು ಅನ್ನೋದೊಂದೇ ಅವಳ ಆಸೆ. ಅದನ್ನೂ ಉಳಿಸ್ಕೊಳ್ಳೋಕೆ ಆಗ್ಲಿಲ್ವಲ್ಲ."

ಒಂದು ಸಂಜೆ ಊಟದ ಡಬ್ಬಿ ಹಿಡಿದು ಹೋದೆ. ತಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ, ಕೈಯ ಸಿಮೆಂಟು ಕೂಡ ತೊಳೆದಿರಲಿಲ್ಲ. ನನ್ನನ್ನು ಕಂಡದ್ದೇ ಮುಖ ಬಿಳುಚಿಕೊಂಡಿತು.

"ಒಳಗಿರೋದು ನೀನಲ್ವಾ?"

"ನಾನು ಈಗ ಬರ್ತಿದ್ದೀನಲ್ಲೋ. ಯಾಕೆ?"

"ನಾಲ್ಕೈದು ದಿನದಿಂದ ಕೇಳಿಸ್ತಿದೆ. ನೀನೇ ತಟ್ಟೋದು ಅಂದ್ಕೊಂಡಿದ್ದೆ..."

ಅಷ್ಟರಲ್ಲಿ ಒಳಗೆ ಸದ್ದಾಯಿತು. ಟಕ್ ಟಕ್. ತುಸು ಹೊತ್ತು ಬಿಟ್ಟು ಪೆನ್ಸಿಲು: ಟಕ್.

ದೆವ್ವಗಿವ್ವ ಅಂದವರನ್ನು ಆಡಿಕೊಂಡು ನಗುತ್ತಿದ್ದವಳು ನಾನು. ಆಗ ತಮ್ಮನ ತೋಳು ಹಿಡಿದುಕೊಂಡೆ.

ಇಬ್ಬರೂ ಕಿಟಕಿಯಿಂದ ಇಣುಕಿದೆವು. ಗುಬ್ಬಿ ಒಬ್ಬಳೇ ಬರೆಯುತ್ತಿದ್ದಳು. ಆ ಪುಟ ಮುಗಿಯಿತು. ಎದ್ದು, ದೀಪವಿಲ್ಲದ ಅಡುಗೆಮನೆಯೊಳಗೆ ಹೋದಳು. ಗೋಡೆ ಎರಡು ಸಲ ಸದ್ದು ಮಾಡಿತು. ಓಡಿ ಬಂದು ಕೂತು, ತಾನೇ ಪೆನ್ಸಿಲಿನಿಂದ ಒಂದು ಸಲ ತಟ್ಟಿ, ಹೊಸ ಪುಟ ತಿರುಗಿಸಿದಳು.

ಅಯ್ಯೋ ನನ್ನ ಕೂಸೇ!

ತಮ್ಮ ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಹೋದ. ಇಟ್ಟಿಗೆ ಹೊತ್ತು ಒರಟಾದ ಆ ಕೈ ಗೋಡೆಗೆ ಬಿತ್ತು, ದಬ್ ದಬ್.

ಗುಬ್ಬಿಯ ಪೆನ್ಸಿಲು ನಿಂತಿತು. ಗೋಡೆಯನ್ನೇ ನೋಡಿದಳು. ಹೆದರಿಬಿಟ್ಟಳೇನೋ, ಇನ್ನು ಪುಸ್ತಕ ಮುಟ್ಟುವುದೇ ಇಲ್ಲವೇನೋ ಅಂದುಕೊಂಡೆ.

"ಅಪ್ಪಾ," ಎಂದಳು ಕೊನೆಗೆ, "ಅಷ್ಟು ಜೋರಾಗಿ ಅಲ್ಲ. ಅಮ್ಮ ಮೆಲ್ಲಗೆ ತಟ್ಟೋದು."

ಆಮೇಲೆ ಒಳಗಿಂದ ಕೇಳಿಸಿತು, ಮೆಲ್ಲಗೆ, ಟಕ್ ಟಕ್. ಗುಬ್ಬಿ ಪೆನ್ಸಿಲಿನಿಂದ ಒಂದು ಸಲ ತಟ್ಟಿ, ತಲೆ ಬಗ್ಗಿಸಿ ಬರೆಯತೊಡಗಿದಳು.