ಬಾಳೂರಿನಲ್ಲಿ ಒಂದು ಉಂಬಳ

ಬಾಳೂರಿನ ರಸ್ತೆಬದಿಯಲ್ಲಿ ಅಜ್ಜಿಯೂ ನಾನೂ ಕಳಸದ ಜೀಪಿಗೆ ಕಾಯುತ್ತಿದ್ದೆವು. ಸುಮ್ಮನೆ ಕೂತು ಈ ಕ್ಷಣವನ್ನು ಗಮನಿಸುವ ಮೈಂಡ್‌ಫುಲ್‌ನೆಸ್ ಎಂಬುದು ಬರೀ ವ್ಯಾಪಾರ ಎಂದು ನಾನು ವಾದಿಸುತ್ತಿರುವಾಗಲೇ ಪಾದಕ್ಕೊಂದು ಉಂಬಳ ಕಚ್ಚಿಕೊಂಡಿತು. ಕಿತ್ತೆಸೆಯಲು ಬಗ್ಗಿದೆ.

“ಕೀಳ್ಬೇಡ ಕಣೆ, ನೋಡು. ರಕ್ತ ಕುಡಿದು ತಾನೇ ಬೀಳುತ್ತೆ. ಅಲ್ಲೀವರೆಗೆ ಬಾಯಿ ಮುಚ್ಕೊಂಡು ಕೂರೋಕೆ ನಿನ್ ಕೈಲಿ ಎಲ್ಲಾಗುತ್ತೆ ಬಿಡು,” ಎಂದರು ಅಜ್ಜಿ.

ಸೋಲುವವಳೇ ನಾನು? ಕೂತೆ. ನೋವೇ ಇರಲಿಲ್ಲ, ಬರೀ ತಣ್ಣಗೆ. ದಾರದಂತಿದ್ದದ್ದು ಕಾಫಿಹಣ್ಣಿನಷ್ಟು ಉಬ್ಬುವುದನ್ನು ನೋಡುತ್ತ ನೋಡುತ್ತ ಒಂದು ವಾದವೂ ತಲೆಗೆ ಬರಲಿಲ್ಲ. ಆಚೆ ತೋಟದಲ್ಲಿ ಕಾಡುಕೋಳಿ ಕೂಗಿದ್ದು ಕೇಳಿಸಿತು. ಕೊನೆಗೆ ಉಂಬಳ ಕಳಚಿ ಹುಲ್ಲಿಗೆ ಬಿತ್ತು.

ಜೀಪು ಬಂತು. “ಕಾಲಲ್ಲಿ ರಕ್ತ ಏನಮ್ಮಾ?” ಎಂದು ಡ್ರೈವರ್ ಕೇಳಿದ.

ಅಜ್ಜಿ ನನ್ನನ್ನು ಮುಂದಿನ ಸೀಟಿಗೆ ಹತ್ತಿಸಿದರು. “ನಮ್ ಹುಡುಗಿ ಉಂಬಳಕ್ಕೆ ಹೊಟ್ಟೆತುಂಬ ಊಟ ಹಾಕಿ ಕಳಿಸಿದ್ಲು ಮಾರಾಯ. ಒಂದ್ ಮಾತೂ ಆಡ್ಲಿಲ್ಲ.”